ಧನಲಕ್ಷ್ಮಿಯ ಇನಿಷಿಯಲ್

ಕನಕಪುರದ ಗೌಸ್ ಸಾಹೇಬರ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು ನರಸಯ್ಯ ಸ್ಟೀಲು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ. ಪಕ್ಕದ ಮಳಿಗೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಅವನ ಹೆಸರು ಕೊರೆಯುವ ಮಿಷನ್ನಿನ ಜುರ್ ಸದ್ದನ್ನು ಇಪ್ಪತ್ತು ವರ್ಷ ಕೇಳಿಕೊಂಡೇ ಬಟ್ಟೆ ಹೊಲಿದವನು ನಾನು. ನನ್ನ ಕಿವಿ ಅರ್ಧ ಹೋಗಿರುವುದು ಅವನಿಂದಲೇ ಎಂದು ಈಗಲೂ ಬೈಯುತ್ತೇನೆ.

ಸ್ಟೀಲು ಇಲ್ಲದ ಮನೆ ಎಲ್ಲಿದೆ? ನೀರಿಗೆ ಕೊಳಗ, ಹಿಟ್ಟಿಗೆ ಡಬ್ಬ, ಬುತ್ತಿಗೆ ಕ್ಯಾರಿಯರ್ರು. ತಟ್ಟೆ ಲೋಟಗಳನ್ನು ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟರೆ ಅಡುಗೆಮನೆಗೆ ಅದೇ ಅಲಂಕಾರ. ಹೊಸ ಮನೆಗಳಲ್ಲಿ ಮೆಟ್ಟಿಲಿನ ಕಂಬಿಯೂ ಸ್ಟೀಲೇ ಆಯಿತು. ಮದುವೆಗೂ ಗೃಹಪ್ರವೇಶಕ್ಕೂ ಪಾತ್ರೆಯೇ ಉಡುಗೊರೆ, ಅದರ ಮೇಲೆ ಹೆಸರಿಲ್ಲದಿದ್ದರೆ ಕೊಟ್ಟವರಿಗೆ ಸಮಾಧಾನವಿಲ್ಲ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲಂತೂ ನರಸಯ್ಯನಿಗೆ ಕೈತುಂಬ ಕೆಲಸ. ಅಲ್ಲಿ ನೂರಾರು ಊಟದ ಡಬ್ಬಿ, ಎಲ್ಲವೂ ಒಂದೇ ಥರ. ಹೆಸರಿಲ್ಲದಿದ್ದರೆ ಒಬ್ಬನ ಮುದ್ದೆ ಇನ್ನೊಬ್ಬನ ಹೊಟ್ಟೆಗೆ. ಕೇಳಿದವರಿಗೆ ಬಳ್ಳಿ, ನವಿಲು ಕೂಡ ಬಿಡಿಸಿಕೊಡುತ್ತಿದ್ದ. ಇನಿಷಿಯಲ್ ಕೇಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಅಪ್ಪನ ಅಕ್ಷರ ಇಲ್ಲದಿದ್ದರೆ ಅದು ಯಾರ ಮನೆ ಪಾತ್ರೆಯಾಗುತ್ತದೆ ಎಂದು ಗಿರಾಕಿಗಳನ್ನೇ ಗದರುತ್ತಿದ್ದ.

ಊರಿಗೆಲ್ಲ ಹೆಸರು ಹಾಕುವವನ ಮನೆಯಲ್ಲಿ ಕೂಗಿ ಕರೆಯಲು ಒಬ್ಬರೂ ಇರಲಿಲ್ಲ. ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಳು. ಹಸುಗೂಸನ್ನು ಬಿಡದಿಯಲ್ಲಿದ್ದ ತಮ್ಮ ಅಶೋಕನಿಗೆ ಕೊಟ್ಟ; ಅವನಿಗೆ ಮಕ್ಕಳಿರಲಿಲ್ಲ. ಸ್ಕೂಲಿಗೆ ಸೇರಿಸುವಾಗ ಅಶೋಕ ತಂದೆಯ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಬರೆಸಿದ. ನರಸಯ್ಯ ಒಪ್ಪಿದ್ದಲ್ಲದೆ, ಮಗುವಿಗೆ ಎಂದೂ ಹೇಳುವುದಿಲ್ಲವೆಂದು ಮಾತೂ ಕೊಟ್ಟ. ಎನ್. ಧನಲಕ್ಷ್ಮಿ ಆಗಬೇಕಾದವಳು ಎ. ಧನಲಕ್ಷ್ಮಿ ಆದಳು, ಅಪ್ಪ ದೊಡ್ಡಪ್ಪನಾದ. ಒಮ್ಮೆ ಜ್ವರದಲ್ಲಿ ಮಲಗಿದ್ದವನಿಗೆ ಗಂಜಿ ಕೊಡಲು ಹೋದಾಗ ಇದನ್ನೆಲ್ಲ ನನಗೆ ಹೇಳಿದ. ನನಗೆ ಅಯ್ಯೋ ಅನ್ನಿಸುವ ಮೊದಲು ಸಿಟ್ಟು ಬಂತು. ಮಾತು ಕೊಡುವ ಮುಂಚೆ ಮುಂದೆ ಒಬ್ಬನೇ ಕಳೆಯಬೇಕಾದ ಸಂಜೆಗಳನ್ನು ನೆನೆಯಬಾರದಿತ್ತೇ ಇವನು?

ಎರಡು ಸಾವಿರದ ಎಂಟರಲ್ಲಿ ಧನಲಕ್ಷ್ಮಿಗೆ ಮದುವೆ ಗೊತ್ತಾಯಿತು. ಅಶೋಕ ಅವಳನ್ನು ಕರೆದುಕೊಂಡು ಪಾತ್ರೆ ತೆಗೆಯಲು ಗೌಸ್ ಸಾಹೇಬರ ಅಂಗಡಿಗೇ ಬಂದ. ಬಿಡದಿಯಲ್ಲೇನು ಅಂಗಡಿಗಳಿಲ್ಲವೇ, ಅಣ್ಣನ ಕೈಯಲ್ಲೇ ಹೆಸರು ಹಾಕಿಸಬೇಕೆಂಬ ಆಸೆ. ಪ್ರೀತಿಯೇ ಇರಬಹುದು, ನನಗಂತೂ ಸಂಕಟವಾಯಿತು. ಆರಿಸಿದ ಪಾತ್ರೆಗಳನ್ನು ಜಗಲಿಯಲ್ಲಿ ಇಳಿಸಿ, ಬೀರು ನೋಡಿ ಬರುತ್ತೇನೆಂದು ಅವನು ಆಚೆ ಬೀದಿಗೆ ಹೋದ. ಹುಡುಗಿ ನರಸಯ್ಯನ ಎದುರು ಕೂತಳು.

ಎಲ್ಲರನ್ನೂ ಇನಿಷಿಯಲ್ ಕೇಳುವವನು ಅವಳನ್ನು ಕೇಳಲಿಲ್ಲ. ಮೊದಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಅಷ್ಟು ನಿಧಾನವಾಗಿ ಅವನು ಬರೆದದ್ದನ್ನು ನಾನು ಕಂಡಿರಲಿಲ್ಲ. ಸ್ಟೀಲಿನ ಮೇಲೆ ಕೊರೆದದ್ದು ಅಳಿಸುವುದಿಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತಟ್ಟೆ ತೆಗೆದುಕೊಂಡು ಓದಿದ ಹುಡುಗಿ ನಕ್ಕಳು. "ದೊಡ್ಡಪ್ಪ, ಎನ್ ಅಂತ ಬರ್ದ್‌ಬುಟ್ಟಿದ್ದೀರ. ನಂದು ಎ ಅಲ್ವಾ? ಎನ್ ಅಂದ್ರೆ ಯಾರು?"

ಹುಟ್ಟಿದಾಗಿನಿಂದ ಅವಳಿಗೆ ಅವನು ಬರೀ ದೊಡ್ಡಪ್ಪ. ಅವನ ಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಹೇಳೋ ನರಸಯ್ಯ, ಈಗಲಾದರೂ ಹೇಳೋ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಅವನು ಮಿಷನ್ನಿನ ತುದಿಗೆ ಅಂಟಿದ್ದ ಪುಡಿಯನ್ನು ಊದಿದ.

"ಯಾರೂ ಅಲ್ಲ ಕಣವ್ವ. ಕೈ ತಪ್ತು."

ಹೋಗಲಿ ಬಿಡಿ, ಒಂದು ತಟ್ಟೆ ತಾನೇ ಎಂದು ಅವಳೇ ಸಮಾಧಾನ ಹೇಳಿ, ಇನ್ನೊಂದನ್ನು ಅವನ ತೊಡೆಯ ಮೇಲಿಟ್ಟಳು. ಉಳಿದ ಎಲ್ಲ ಪಾತ್ರೆಗಳಿಗೂ ಅವನು ಎ ಎಂದೇ ಬರೆದ. ಅವಳು ಪ್ರತಿಯೊಂದನ್ನೂ ಓದಿ ನೋಡಿ, ಈಗ ಸರಿಯಾಯ್ತು ದೊಡ್ಡಪ್ಪ ಅಂದಳು.