ಬಾಷಾಸಾಬರ ಭಟ್ಟಿಯ ಮರಳು

ಇವತ್ತು ಸಂಜೆ ಮಂಡಕ್ಕಿ ತಿನ್ನುವಾಗ ಹಲ್ಲಿಗೆ ಒಂದು ಮರಳಿನ ಕಾಳು ಸಿಕ್ಕಿತು. ಸೊಸೆ ಅಂಗಡಿಯವನನ್ನು ಬೈದಳು. ನಾನು ಬೈಯಲಿಲ್ಲ. ಮರಳಿನ ವಿಷಯದಲ್ಲಿ ನಾನು ಆಡಬೇಕಾದ್ದನ್ನೆಲ್ಲ ಹರೆಯದಲ್ಲಿಯೇ ಆಡಿ ಮುಗಿಸಿದ್ದೇನೆ.

ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಮೇಲೆ ಜರಡಿ ಹಿಡಿದರೆ ನಮ್ಮ ದಾವಣಗೆರೆ ಮಂಡಕ್ಕಿ. ಐವತ್ತರ ದಶಕದ ಕೊನೆ. ನಾನು ಬಟ್ಟೆ ಗಿರಣಿಯಲ್ಲಿ ಗುಮಾಸ್ತ. ಆ ವರ್ಷ ಊರಿಗೆ ಊರೇ ಫ್ಲೂ ಜ್ವರದಲ್ಲಿ ಮಲಗಿತ್ತು. ಜ್ವರ ಎಲ್ಲಿಂದ ಬಂತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಶೋಧ. ರೈಲಿನಲ್ಲಿ ಬಂತು ಎಂದರು, ಹತ್ತಿಯ ಧೂಳಿನಲ್ಲಿ ಬಂತು ಎಂದರು. ನನಗೂ ಸ್ವಂತದ್ದೊಂದು ಶೋಧ ಬೇಕಾಗಿತ್ತು, ಓದಿದವನಲ್ಲವೆ!

ಹರಿಹರಕ್ಕೆ ಹೋದಾಗ ಹೊಳೆದಂಡೆಯ ಸುಡುಗಾಡಿನ ಹತ್ತಿರ ಯಾರೋ ಗಾಡಿಗೆ ಮರಳು ತುಂಬುತ್ತಿದ್ದರು. ನಮ್ಮೂರಲ್ಲಿ ಮಂಡಕ್ಕಿ ಹುರಿಯುವ ಬಾಷಾಸಾಬರ ಭಟ್ಟಿಗೂ ಹರಿಹರದ ಮರಳೇ ಬರುವುದು. ಎರಡನ್ನೂ ಕೂಡಿಸಿಬಿಟ್ಟೆ. ಗಾಡಿಯವನನ್ನು ಒಂದು ಮಾತು ಕೇಳಲಿಲ್ಲ.

ಗಿರಣಿಯೆದುರಿನ ಚಹಾ ಅಂಗಡಿಯ ಚನ್ನಬಸಪ್ಪನವರು ಬಾಗಿಲಲ್ಲಿ ಒಂದು ಕರಿಹಲಗೆ ನಿಲ್ಲಿಸಿದ್ದರು. ಯಾರು ಬೇಕಾದರೂ ಸುದ್ದಿ ಬರೆಯಬಹುದು, ಅವರು ಅಳಿಸುತ್ತಿರಲಿಲ್ಲ. "ಮಾತಾಡಾಕ ಯಾರ ಅಪ್ಪಣೇನೂ ಬ್ಯಾಡ್ರಿ" ಎನ್ನುವುದು ಅವರ ಹೆಮ್ಮೆ. ಅಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ಬರೆದೆ: 'ಬಾಷಾಸಾಬರ ಮಂಡಕ್ಕಿಗೆ ಸುಡುಗಾಡಿನ ಮರಳು. ಜ್ವರ ಅದರಿಂದಲೇ ಎಂದು ಜನ ಹೇಳುತ್ತಾರೆ.' ಜನ ಎಂದರೆ ನಾನೊಬ್ಬನೇ. ಸಂಜೆಯ ಹೊತ್ತಿಗೆ ನಿಜವಾಗಿಯೂ ಜನ ಹೇಳತೊಡಗಿದರು.

ನಾಲ್ಕನೆಯ ದಿನ ಗಿರಣಿಯ ಗೇಟಿನಲ್ಲಿ ಬಾಷಾಸಾಬರೇ ನಿಂತಿದ್ದರು. ಬೈಯಲು ಬಂದರೆಂದುಕೊಂಡೆ.

"ಗುಮಾಸ್ತರೆ, ನಂಗೆ ಕನ್ನಡ ಬರಿಯಾಕ ಓದಾಕ ಬರಾದಿಲ್ಲ. ಹಲಗಿ ಮ್ಯಾಲೆ ನನ್ನ ಕಡಿಂದ ಎರಡು ಸಾಲು ಬರೀರಿ. ನಿಮ್ಮ ಅಕ್ಷರ ಚಲೋ ಐತೆ ಅಂತಾರೆ."

"ಏನಂತ ಬರೀಲಿ?"

"ಭಟ್ಟಿಗೆ ಬಂದು ನೋಡ್ರಿ ಅಂತ. ಮರಳು ಹೋದ ವರ್ಷ ತಂದಿದ್ದು, ಜರಡಿ ಹಿಡಿದು ಅದನ್ನೇ ಮತ್ತೆ ಮತ್ತೆ ಕಾಸ್ತೀವಿ ಅಂತ. ಆವಾಗ ಈ ಜ್ವರ ಎಲ್ಲಿತ್ರಿ?"

ಮೊದಲು ಅವರೊಂದಿಗೆ ಭಟ್ಟಿಗೆ ಹೋದೆ. ಒಲೆ ಹಚ್ಚದೆ ಮೂರು ದಿನವಾಗಿತ್ತು. ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಅದೇ ಜ್ವರದಲ್ಲಿ ಚಾಪೆ ಹಿಡಿದಿದ್ದರು. ನಾನು ಜ್ವರದಲ್ಲಿ ಮಲಗಿದ್ದಾಗ ಎದುರುಮನೆಯಿಂದ ದಿನಾ ಗಂಜಿ ಬಂದಿತ್ತು. ಇವರ ಬಾಗಿಲಿಗೆ ಯಾರೂ ಬಂದಿರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅಂಗಡಿಗೆ ಬಂದವನೇ ಒದ್ದೆ ಬಟ್ಟೆ ಹಿಡಿದು ಹಲಗೆ ಒರೆಸಲು ಹೋದೆ. ಬಾಷಾಸಾಬರು ಕೈ ಹಿಡಿದರು.

"ಅಳಿಸಬ್ಯಾಡ್ರಿ. ನಾನೇ ಹೆದರಿಸಿ ಅಳಿಸಿದೆ ಅಂತಾರೆ. ಕೆಳಗೆ ಬರೀರಿ."

ಬರೆದೆ. ಮೇಲೂ ಕೆಳಗೂ ಒಂದೇ ಅಕ್ಷರ. ಚಹಾ ಕುಡಿಯುತ್ತಿದ್ದವರೆಲ್ಲ ಹಲಗೆಯನ್ನೂ ನನ್ನನ್ನೂ ನೋಡತೊಡಗಿದರು, ಬಾಷಾಸಾಬರಿಗೊಬ್ಬರಿಗೇ ಗೊತ್ತಾಗಲಿಲ್ಲ. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಇನ್ನೊಂದು ಸಾಲು ಬರೆದು ನನ್ನ ಹೆಸರು ಹಾಕಿದೆ.

"ನಾನು ಹೇಳಿದ್ದು ಎರಡೇ ಸಾಲು. ಮೂರನೇದು ಏನ್ರಿ?"

ಓದಿ ಹೇಳಿದೆ: 'ಜನ ಹೇಳುತ್ತಾರೆ ಎಂದು ಬರೆದವನು ನಾನೇ. ನನಗೆ ಏನೂ ಗೊತ್ತಿರಲಿಲ್ಲ.'

ಅವರು ಹಲಗೆಯ ಮೇಲಿನ ಸಾಲಿಗೆ ಒಮ್ಮೆ ಬೆರಳಿಟ್ಟು ನೋಡಿದರು. ಆಮೇಲೆ, "ನಾಳೆ ಭಟ್ಟಿ ಹಚ್ತೀನಿ. ಮೊದಲನೇ ಹಿಡಿ ನೀವು ತಿನ್ರಿ, ಎಲ್ಲಾರ ಮುಂದೆ" ಎಂದರು.

ತಿಂದೆ. ಅದರಲ್ಲಿಯೂ ಒಂದು ಮರಳಿನ ಕಾಳು ಇತ್ತು. ನುಂಗಿದೆ.

ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಸೆ ಈಗ ಫೋನು ಹಿಡಿದು ಪಕ್ಕಕ್ಕೆ ಬಂದಳು. "ಮಾವಾರೆ, ಈ ಕೊರೊನಾ ಎಲ್ಲಿಂದ ಬಂತು ಅಂತ ಇದ್ರಾಗೆ ಐತೆ. ಎಲ್ಲಾರಿಗೂ ಕಳಿಸ್ಲಾ?"

"ಬರೆದೋರ ಹೆಸರು ಐತೇನವ್ವ?"

ಅವಳು ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಿದಳು. "ಇಲ್ರಿ. ಜನ ಹೇಳ್ತಾರೆ ಅಂತಷ್ಟೇ ಐತೆ."

"ಆ ಜನ ಯಾರು ಅಂತ ನಂಗೆ ಗೊತ್ತವ್ವ," ಎಂದೆ. "ಕೂಡು, ಹೇಳ್ತೀನಿ."