ಕರೆಂಟ್ ಯಾರದು?

ರಾಜಾಜಿನಗರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಅಂಬುಜಾ ಸೇರಿ ಒಂಬತ್ತು ವರ್ಷವಾಗಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಕುತೂಹಲಕ್ಕೇನು ಬರವೇ? ಮಿಷನ್ನಿನಿಂದ ಕಾಗದದ ಪಟ್ಟಿ ಹೊರಬರುವಾಗ, ಹೋಟೆಲಿನಲ್ಲಿ ದೋಸೆಗೆ ಕಾದವರಂತೆ ಬಗ್ಗಿ ನಿಲ್ಲುತ್ತಿದ್ದಳು.

ಎಂಬತ್ತಾರನೇ ಇಸವಿಯ ಒಂದು ಬೆಳಗ್ಗೆ ಹೇರೋಹಳ್ಳಿಯ ಬೆಟ್ಟಯ್ಯ ಬಂದ. ಕಾರ್ಖಾನೆಯಲ್ಲಿ ಏಳು ವರ್ಷ ಟೆಂಪರರಿಯಾಗಿ ಸವೆದವನು. ಈಗ ಪರ್ಮನೆಂಟ್ ಮಾಡುತ್ತಾರಂತೆ. ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಲು ಅಂದೇ ಕೊನೆಯ ದಿನ.

"ಮಲಕ್ಕೊಳ್ಳಿ ಅಣ್ಣ, ಹಾರ್ಟಿಗೆ ಕರೆಂಟ್ ನೋಡ್ಬೇಕು" ಎಂದು ಅಂಬುಜಾ ಎಂದಿನಂತೆ ಹೇಳಿ ಕೈಕಾಲಿಗೆ ವೈರು ಕಟ್ಟಿದಳು. ಅಯ್ಯೋ, ಗೆರೆ ಎದ್ದೆನೋ ಬಿದ್ದೆನೋ ಎಂದು ಓಡಿತು! ನಿಮಿಷಕ್ಕೆ ನೂರ ಮೂವತ್ತು ಬಡಿತ. ನಡುನಡುವೆ ಸರದಿ ಮುರಿದು ನುಗ್ಗಿದ ಬಡಿತಗಳು ಬೇರೆ.

ಪಕ್ಕದ ಕೋಣೆಯಲ್ಲಿ ಡಾಕ್ಟರ್ ಸೇತುರಾಮ ಪಟ್ಟಿ ನೋಡಿದರು. "ಹೀಗಿದ್ರೆ ಸೈನ್ ಹಾಕೋಕಾಗಲ್ಲಮ್ಮ."

"ಕಾಯಿಲೇನಾ ಸಾರ್, ಗಾಬರೀನಾ?"

"ಯಾವುದಾದ್ರೂ ಇರಬಹುದು. ಹೆದರಿದ್ರೆ ಕಿಡ್ನಿ ಮೇಲಿನ ಗ್ರಂಥಿ ಅಡ್ರಿನಲಿನ್ ಸುರಿಸುತ್ತೆ. ಅದು ರಕ್ತದಲ್ಲಿ ಬಂದು ಹಾರ್ಟಿನ ಜೀವಕೋಶಗಳ ಬಾಗಿಲು ತಟ್ಟುತ್ತೆ. ಒಳಗೆ ಕ್ಯಾಲ್ಸಿಯಂ ಜಾಸ್ತಿ ನುಗ್ಗುತ್ತೆ, ಕರೆಂಟ್ ಬೇಗಬೇಗ ಹೊಡೆಯುತ್ತೆ, ಒಂದೊಂದ್ಸಲ ಸರದಿನೂ ತಪ್ಪುತ್ತೆ. ಆದ್ರೆ ಅಷ್ಟೊಂದು ಹೆದರೋಕೆ ಇಲ್ಲೇನಿದೆ?"

ಏನಿದೆ? ಅಂಬುಜಾ ಆ ಪ್ರಶ್ನೆಯನ್ನು ಹೊತ್ತೇ ವಾಪಸು ಬಂದಳು. ಬೆಟ್ಟಯ್ಯ ಇನ್ನೂ ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದ.

"ಯಾವಾಗ ಕೊಡ್ತೀರಕ್ಕಾ ಕರೆಂಟು? ನಮ್ಮಣ್ಣಂಗೆ ತಲೆ ಕೆಟ್ಟಾಗ ಕೊಟ್ಟಿದ್ರು. ಕೈಕಾಲು ಹೆಂಗೆ ಒದರಿದ ಅಂತೀರ!"

'ಹಾರ್ಟಿಗೆ ಕರೆಂಟ್' ಅಂತ ಒಂಬತ್ತು ವರ್ಷದಿಂದ ಅದೇ ಮಾತು! ಹೆದರುವವರ ಮೇಲೆ ಕಪ್ಪೆ ಎಸೆದಂತೆ ಎಷ್ಟು ಜನರ ಮೇಲೆ ಎಸೆದಿದ್ದಳೋ, ಮಹಾರಾಯ್ತಿ. ಅವಳಿಗೆ ತುಂಬ ನಾಚಿಕೆಯಾಯಿತು.

"ಕರೆಂಟ್ ನಿಮ್ದೇ ಕಣಣ್ಣ. ಮಿಷನ್ ಬರ್ಕೊಳ್ಳುತ್ತೆ ಅಷ್ಟೇ. ಬೇಕಾದ್ರೆ ನೋಡಿ" ಎಂದವಳೇ ಮಂಚವೇರಿ ತಾನೇ ವೈರು ಕಟ್ಟಿಕೊಂಡು, ಗುಂಡಿಯನ್ನು ಅವನಿಂದ ಒತ್ತಿಸಿದಳು. ಪಟ್ಟಿ ಬಂತು. ಅವಳು ಕೈಕಾಲು ಒದರಲೂ ಇಲ್ಲ, ಕಿರುಚಲೂ ಇಲ್ಲ.

"ಥೂ, ಇಷ್ಟೇನಾ?" ಎಂದು ಬೆಟ್ಟಯ್ಯ ನಕ್ಕುಬಿಟ್ಟ.

ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆದಾಗ ಎಪ್ಪತ್ತೆಂಟು. ಒಂದು ಬಡಿತವೂ ಸರದಿ ತಪ್ಪಿರಲಿಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಸೈನ್ ಹಾಕಿ ಕಳಿಸಿದರು. ಆಮೇಲೆ ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಪಟ್ಟಿ ಎತ್ತಿಕೊಂಡರು.

"ಇದ್ಯಾರದಮ್ಮ? ನೂರ ಹದಿನೆಂಟು! ಇವರಿಗೇನು ಗಾಬರಿ?"

"ನಂದೇ ಸಾರ್," ಎಂದಳು ಅಂಬುಜಾ. "ನನ್ನ ಒಂದು ಮಾತಿಂದ ಅವರ ಕೆಲಸ ಹೋಗ್ತಿತ್ತಲ್ಲ."