ಏಳು ಗಂಟೆಯ ಮಿಸ್ಡ್ ಕಾಲ್

ಏಳೂವರೆಯಾದರೂ ಶೋಭಾಳ ಮಿಸ್ಡ್ ಕಾಲ್ ಬರಲಿಲ್ಲ. ಮಿದುಳು ಜ್ವರದಿಂದ ಬದುಕಿ ಬಂದ ಗೆಳತಿ ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ದಿನಾ ಸಂಜೆ ಏಳಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಚೆನ್ನಾಗಿದ್ದಾಳೆಂದು ಅರ್ಥ. ನನ್ನ ಡೈರಿಯಲ್ಲಿ ಒಂದೂ ತಪ್ಪದೆ ಮೂವತ್ತೆಂಟು ಟಿಕ್ ಬಿದ್ದಿದ್ದವು. ನಾನೇ ಫೋನ್ ಮಾಡಿದರೆ ಸ್ವಿಚ್ ಆಫ್.

ಬೆಳಿಗ್ಗೆ ಅರಸೀಕೆರೆಯಿಂದ ಮೊದಲ ಬಸ್ ಹಿಡಿದು ಜಾವಗಲ್ಲಿಗೆ ಹೋದೆ. ಶೋಭಾ ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಅವಳ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು:

"ನೆನ್ನೆ ಕರೆಂಟ್ ಇರ್ಲಿಲ್ಲ, ಫೋನು ಆಫಾಗೋಯ್ತು ಕಣವ್ವ. ಹೋದ ತಿಂಗಳು ಒಂಬತ್ತು ದಿನ ಇವಳು ವಾಪಸ್ ಆಸ್ಪತ್ರೆಲಿದ್ಲು. ನೀನು ಗಾಬರಿ ಬೀಳ್ತೀಯ ಅಂತ ಆಗೆಲ್ಲ ಮಿಸ್ಡ್ ಕಾಲು ನಾನೇ ಕೊಡ್ತಿದ್ದೆ."

ಮಂಚದಿಂದ ಶೋಭಾ ಕೂಗಿದಳು: "ಏನ್ರೇ ಅದು ಗುಸುಗುಸು? ನಾನಿನ್ನೂ ಇದ್ದೀನಿ ಕಣೇ."

ಆ ಒಂಬತ್ತು ಟಿಕ್ ಯಾವುವೆಂದು ಕೇಳಲು ಧೈರ್ಯವಾಗಲಿಲ್ಲ. ಈಗ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ. ಅವಳ ಬಾಯಿಂದ "ಹೂಂ ಕಣೇ" ಅನ್ನುವುದು ಕೇಳುವವರೆಗೂ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.